ಸೊಸೆಯ ಬಗ್ಗೆ ನಾನು ಆಡಿದ ಮಾತು

ನನ್ನ ಸೊಸೆ ನಮಿತಾಳ ಹೆಸರು ಕೆಡಿಸಿದವಳು ನಾನು. ಆರು ವರ್ಷಗಳ ಹಿಂದೆ ಒಂದು ಭಾನುವಾರ ಬೆಳಿಗ್ಗೆ, ನನ್ನ ಮನೆಯಲ್ಲಿ ಕುಳಿತು, ಒಂದೇ ಒಂದು ವಾಕ್ಯದಿಂದ ಕೆಡಿಸಿದೆ. ಅದು ಸುಳ್ಳೆಂದು ಆಡುವಾಗಲೇ ನನಗೆ ಗೊತ್ತಿತ್ತು. ಹೇಳಿದವರು ಯಾರೆಂದು ಅವಳಿಗೆ ತಿಳಿಯದಂತೆ ನೋಡಿಕೊಂಡವಳೂ ನಾನೇ. ಯಾರು ಹೇಳಿರಬಹುದು ಮಾಮಿ ಎಂದು ಅವಳು ಅಳುತ್ತಾ ಕೇಳಿದಾಗ ಅವಳ ತಲೆ ಸವರಿದವಳೂ ನಾನೇ.

ಇದನ್ನು ಬರೆಯಲು ಕುಳಿತು ನಾಲ್ಕು ದಿನವಾಯಿತು. ಮೂವತ್ತೆರಡು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದ್ದೇನೆ, ವಾಕ್ಯ ಕಟ್ಟುವುದು ನನಗೆ ಕಷ್ಟವಲ್ಲ. ಆದರೆ ಪ್ರತಿ ಸಲವೂ ವಾಕ್ಯ ನನ್ನ ಕಡೆಗೇ ವಾಲುತ್ತದೆ — 'ಪರಿಸ್ಥಿತಿ ಹಾಗಿತ್ತು', 'ಬಾಯಿ ತಪ್ಪಿ ಬಂತು' — ಹರಿದು ಹಾಕಿ ಮತ್ತೆ ಶುರುಮಾಡುತ್ತೇನೆ. ಬಾಯಿ ತಪ್ಪಿ ಬಂದದ್ದಲ್ಲ. ಹೊಟ್ಟೆಕಿಚ್ಚಿನಿಂದ ಬಂದದ್ದು. ಮೊದಲು ಆ ಶಬ್ದವನ್ನು ಬರೆದುಬಿಡುತ್ತೇನೆ. ಉಳಿದದ್ದನ್ನು ಆಮೇಲೆ ಹೇಳಬಹುದು.

ನನ್ನ ಹೆಸರು ಲೀಲಾವತಿ. ಅರವತ್ತೊಂಬತ್ತು ವರ್ಷ. ಮಂಗಳೂರಿನಲ್ಲಿ ನನ್ನನ್ನು ಗೊತ್ತಿದ್ದವರೆಲ್ಲ ಲೀಲಾ ಟೀಚರ್ ಎನ್ನುತ್ತಾರೆ. ಮನೆಮಾತು ತುಳು. ತುಳುವಿನಲ್ಲಿ ಅತ್ತೆಗೆ ಮಾಮಿ ಎನ್ನುವುದು, ನಮಿತಾ ಈಗಲೂ ನನ್ನನ್ನು ಹಾಗೆಯೇ ಕರೆಯುತ್ತಾಳೆ. ಕರೆಯುತ್ತಿದ್ದಳು ಎನ್ನಬೇಕೋ ಏನೋ — ಅದು ಇನ್ನೂ ನನಗೆ ಗೊತ್ತಿಲ್ಲ.

ನನ್ನ ಗಂಡ ಮುಂಬೈಯಲ್ಲಿ ಹೋಟೆಲಿನಲ್ಲಿದ್ದರು. ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಊರಿಗೆ ಬರುತ್ತಿದ್ದರು. ಮಗ ಸಂದೇಶನಿಗೆ ಮೂರು ವರ್ಷ ತುಂಬಿದ ಮೇಲೆ ಬರಲಿಲ್ಲ. ಅಲ್ಲಿ ಅವರಿಗೆ ಇನ್ನೊಂದು ಸಂಸಾರ ಇದೆ ಎಂಬುದು ಮೊದಲು ಊರಿಗೆ ಗೊತ್ತಾಯಿತು, ಆಮೇಲೆ ನನಗೆ. ನಾನು ಕರಿಮಣಿ ತೆಗೆಯಲಿಲ್ಲ. ಕೇಳಿದವರಿಗೆ "ಬರುವ ಮೇಯಲ್ಲಿ ಬರ್ತಾರೆ" ಎನ್ನುತ್ತಿದ್ದೆ. ಅವರು ಅಲ್ಲಿಯೇ ತೀರಿಕೊಂಡ ಸುದ್ದಿ ಬರುವವರೆಗೆ, ಇಪ್ಪತ್ತಮೂರು ವರ್ಷ, ಅದನ್ನೇ ಹೇಳಿದೆ.

ದಾರಿ ಇರಲಿಲ್ಲವೆಂದಲ್ಲ. ನಮ್ಮ ಶಾಲೆಯ ಹೆಡ್‌ಮಿಸ್ಟ್ರೆಸ್ ಕಾನ್ವೆಂಟಿನ ಒಬ್ಬರು ಸಿಸ್ಟರ್. ಒಂದು ದಿನ ಅವರ ಕೋಣೆಗೆ ಕರೆದು, "ಲೀಲಾ, ನೀನು ಕೋರ್ಟಿಗೆ ಹೋಗಿ ಬಿಡುಗಡೆ ತೆಗೆದುಕೊ. ಮಡಿಕೇರಿಯಲ್ಲಿ ನಮ್ಮದೊಂದು ಶಾಲೆ ಉಂಟು. ಅಲ್ಲಿಗೆ ಹೆಡ್ ಆಗಿ ಹೋಗು, ಮಗನನ್ನೂ ಕರ್ಕೊಂಡು ಹೋಗು" ಎಂದಿದ್ದರು. ಗಂಡನ ಅಣ್ಣ, ನಾನು ಭಾವ ಎನ್ನುತ್ತಿದ್ದವರು, ಬಂದರಿನಲ್ಲಿ ಒಣಮೆಣಸಿನ ಗೋದಾಮು ಇಟ್ಟಿದ್ದರು. ಅವರನ್ನು ಕೇಳಲು ಹೋದೆ. ಮೂಟೆಗಳ ನಡುವೆ ನಿಂತುಕೊಂಡೇ ಅವರು, "ಅವನು ನಾಳೆ ಬಂದ ಅಂತ ಇಟ್ಟುಕೋ. ಮನೆಯಲ್ಲಿ ಯಾರಿರ್ತಾರೆ?" ಎಂದರು. ನಾನು ಮೆಣಸಿನ ಘಾಟಿಗೆ ಬಸ್ಸಿನಲ್ಲಿ ದಾರಿಯುದ್ದಕ್ಕೂ ಸೀನುತ್ತಾ ಮನೆಗೆ ಬಂದೆ. ಮಾರನೆಯ ದಿನ ಸಿಸ್ಟರಿಗೆ ಬೇಡ ಎಂದೆ. ನನಗೆ ಆಗ ಮೂವತ್ತೆರಡು ವರ್ಷ.

ಊರು ನನ್ನನ್ನು ಹೊಗಳಿತು. ಎಂಥ ಹೆಂಗಸು, ಯಾರಿಂದಲೂ ಒಂದು ಮಾತು ಕೇಳಿಸಿಕೊಳ್ಳಲಿಲ್ಲ ಎಂದು. ಆ ಹೊಗಳಿಕೆಯ ಮೇಲೆಯೇ ನಾನು ಬದುಕಿದೆ. ಬೇರೆ ಏನಿತ್ತು ನನಗೆ — ಹೋಗಲಿ. ಅದನ್ನು ಬರೆದರೆ ಮತ್ತೆ ನನ್ನ ಕಡೆಗೆ ವಾಲುತ್ತದೆ.

ಸಂದೇಶ ದೊಡ್ಡವನಾಗಿ ದೋಹಾಕ್ಕೆ ಕೆಲಸಕ್ಕೆ ಹೋದ. ನಮಿತಾಳನ್ನು ಮದುವೆಯಾದಾಗ ಅವಳಿಗೆ ಇಪ್ಪತ್ತನಾಲ್ಕು. ಮೂಲ್ಕಿ ಹತ್ತಿರದ ಹುಡುಗಿ, ಲ್ಯಾಬ್ ಟೆಕ್ನೀಶಿಯನ್ ಕೋರ್ಸು ಮಾಡಿ ಎರಡು ವರ್ಷ ಕೆಲಸವನ್ನೂ ಮಾಡಿದ್ದಳು. ಮದುವೆಯ ನಂತರ ಅವನು ಕೆಲಸ ಬೇಡವೆಂದ, ಬಿಟ್ಟಳು. ವೀಸಾ ಆಗ್ತದೆ, ಈಗ ಆಗ್ತದೆ ಎನ್ನುತ್ತಾ ಅವನು ಅಲ್ಲಿ, ಅವಳು ನನ್ನ ಜೊತೆ ಇಲ್ಲಿ. ವರ್ಷಕ್ಕೊಮ್ಮೆ ಒಂದು ತಿಂಗಳು ಬರುತ್ತಿದ್ದ. ಹತ್ತು ವರ್ಷ ನಾವಿಬ್ಬರೂ ಒಂದೇ ಮನೆಯಲ್ಲಿ ಗಂಡಸು ಬರುವುದನ್ನು ಕಾಯುತ್ತಾ ಕಳೆದೆವು. ಅವಳು ಮೀನು ಶುಚಿ ಮಾಡುವಳು, ನಾನು ಮಸಾಲೆ ಅರೆಯುವೆ. ಸಂಜೆ ಬಾಲ್ಕನಿಯಲ್ಲಿ ಕುಳಿತು ಚಹಾ. ನಾನು ಅವಳಿಗೆ ನನ್ನ ಮೇ ತಿಂಗಳುಗಳ ಕತೆ ಹೇಳುತ್ತಿದ್ದೆ. ಅವಳು ಕೇಳುತ್ತಿದ್ದಳು. ನಾನು ಅವಳನ್ನು ಪ್ರೀತಿಸುತ್ತಿದ್ದೆ, ಇದು ಸುಳ್ಳಲ್ಲ. ಆದರೆ ಈಗ ನೋಡಿದರೆ — ನನ್ನ ಹಾಗೆಯೇ ಇದ್ದಾಳೆ ಎಂಬ ಕಾರಣಕ್ಕೆ ಪ್ರೀತಿಸುತ್ತಿದ್ದೆನೇನೋ.

ಒಂದು ಸಂಜೆ ಸಂದೇಶ ನನಗೆ ಫೋನ್ ಮಾಡಿದ. ಅಲ್ಲಿ ಒಬ್ಬಳಿದ್ದಾಳೆ, ಅವಳನ್ನೇ ಮದುವೆಯಾಗುತ್ತೇನೆ ಎಂದ. "ನಮಿತಾಳದ್ದು ಎಂತದೂ ತಪ್ಪಿಲ್ಲ ಅಮ್ಮ. ಅವಳು ಒಳ್ಳೆಯವಳೇ. ನನಗೇ ಆಗುದಿಲ್ಲ." ಈ ಮಾತು ಅವನ ಬಾಯಿಂದ ನನ್ನ ಕಿವಿಗೆ ಬಿದ್ದದ್ದು. ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ.

ನಾನು ನಮಿತಾಳಿಗೆ ಹೇಳಿದೆ, ನೀನು ಒಪ್ಪಬೇಡ, ಇಲ್ಲಿಯೇ ಇರು, ಅವನು ಒಂದು ದಿನ ಬಂದೇ ಬರುತ್ತಾನೆ. ನಾಲ್ಕನೆಯ ದಿನ, "ಇಲ್ಲ ಮಾಮಿ. ನಾನು ಕಾಯುದಿಲ್ಲ" ಎಂದಳು. ಅಷ್ಟೇ. ಇಬ್ಬರೂ ಒಪ್ಪಿ ಕೋರ್ಟಿನಲ್ಲಿ ಬೇರೆಯಾದರು. ಅವಳಿಗೆ ಮೂವತ್ತನಾಲ್ಕು ವರ್ಷ. ಕೊನೆಯ ದಿನ ಕೋರ್ಟಿನಿಂದ ಬಂದು ಅವಳು ಹೊಟ್ಟೆ ತುಂಬ ಊಟ ಮಾಡಿದಳು, ಅತ್ತವಳು ನಾನು. ನನ್ನ ಕೈ ಹಿಡಿದು ಹೇಳಿದಳು: "ಬಿಟ್ಟದ್ದು ಅವರನ್ನು ಮಾಮಿ, ನಿಮ್ಮನ್ನಲ್ಲ."

ಆಮೇಲೆ ಅವಳು ನಂತೂರಿನ ಹತ್ತಿರ ಒಂದು ಮನೆಯ ಮಹಡಿಯಲ್ಲಿ ಒಂದು ಕೋಣೆ ಹಿಡಿದಳು. ಹೈವೇ ಪಕ್ಕ, ಹಗಲೂ ರಾತ್ರಿ ಲಾರಿಗಳು. ಈ ಗಲಾಟೆಯಲ್ಲಿ ಹೇಗೆ ಮಲಗುತ್ತೀ ಎಂದು ಕೇಳಿದರೆ, "ಒಳ್ಳೆ ನಿದ್ದೆ ಬರ್ತದೆ ಮಾಮಿ, ಆಶ್ಚರ್ಯ" ಎಂದು ನಗುತ್ತಿದ್ದಳು. ಬಿಟ್ಟ ಕೆಲಸವನ್ನು ಮತ್ತೆ ಹಿಡಿಯಬೇಕೆಂದು ಹೊರಟಳು. ಹತ್ತು ವರ್ಷ ಸೂಜಿ ಮುಟ್ಟದ ಕೈ. ಒಂದು ಬೆಳಿಗ್ಗೆ ನನ್ನ ಶುಗರ್ ನೋಡುವ ನೆಪದಲ್ಲಿ ಬಂದು, "ಮಾಮಿ, ನಿಮ್ಮ ಕೈ ಕೊಡಿ, ನನ್ನ ಅಭ್ಯಾಸ ಹೋಗಿದೆ" ಎಂದಳು. ಎರಡು ಸಲ ನರ ಸಿಗಲಿಲ್ಲ. ಮೂರನೆಯ ಸಲ ಸಿಕ್ಕಿತು. ಕೊಳವೆಯಲ್ಲಿ ರಕ್ತ ಏರುವುದನ್ನು ನೋಡಿ ಅವಳ ಮುಖ ಅರಳಿದ್ದು ನನಗೆ ಕಾಣಿಸಿತು. ಹತ್ತು ವರ್ಷ ಒಟ್ಟಿಗಿದ್ದ ಮನೆಯಲ್ಲಿ ಆ ಮುಖವನ್ನು ನಾನು ನೋಡಿರಲಿಲ್ಲ.

ಒಂದು ಲ್ಯಾಬಿನವರು ಅವಳನ್ನು ಮನೆಮನೆಗೆ ಹೋಗಿ ರಕ್ತದ ಸ್ಯಾಂಪಲ್ ತರುವ ಕೆಲಸಕ್ಕೆ ತೆಗೆದುಕೊಂಡರು. ಸ್ಕೂಟರ್ ಕಲಿತಳು. ಮೊಣಕಾಲು ತರಚಿಕೊಂಡು ಬಂದಳು, ಅದಕ್ಕೂ ನಕ್ಕಳು. ಉದ್ದ ಕೂದಲನ್ನು ಹೆಗಲವರೆಗೆ ಕತ್ತರಿಸಿದಳು, ಹೆಲ್ಮೆಟಿಗೆ ಸರಿಯಾಗುತ್ತದೆ ಎಂದು. ಇವನ್ನೆಲ್ಲ ನಾನು ನೋಡುತ್ತಿದ್ದೆ. ಹೊರಗೆ, "ಒಳ್ಳೆಯದಾಯಿತು ಮಗಾ" ಎನ್ನುತ್ತಿದ್ದೆ. ಒಳಗೆ ಏನೋ ಹುಳಿಯಾಗುತ್ತಾ ಬರುತ್ತಿತ್ತು.

ಅದಕ್ಕೆ ನಾನು ಹೆಸರು ಕೊಟ್ಟಿರಲಿಲ್ಲ. ಕೊಡುವ ಹಾಗಾದದ್ದು ಒಂದು ಮಧ್ಯಾಹ್ನ. ನಾನು ಸಿಟಿ ಬಸ್ಸಿನಲ್ಲಿ ಕಿಟಕಿಯ ಬಳಿ ಕುಳಿತಿದ್ದೆ. ಸಿಗ್ನಲ್ಲಿನಲ್ಲಿ ಬಸ್ಸು ನಿಂತಿತು. ರಸ್ತೆಯ ಪಕ್ಕದ ಐಸ್‌ಕ್ರೀಂ ಅಂಗಡಿಯ ಗಾಜಿನ ಹಿಂದೆ ನಮಿತಾ. ಒಬ್ಬಳೇ. ಮುಂದೆ ಉದ್ದ ಲೋಟದಲ್ಲಿ ಗಡ್‌ಬಡ್ ಐಸ್‌ಕ್ರೀಂ. ಉದ್ದ ಚಮಚವನ್ನು ತಳಕ್ಕೆ ಇಳಿಸಿ ಕೊನೆಯ ಜೆಲ್ಲಿ ತುಂಡನ್ನು ಹಿಡಿಯಲು ನೋಡುತ್ತಿದ್ದಳು — ಅಷ್ಟು ಗಮನದಿಂದ! ಯಾರಾದರೂ ನೋಡುತ್ತಾರೆಯೇ ಎಂದು ತಲೆ ಎತ್ತಲಿಲ್ಲ. ಯಾರಿಗೋ ಕಾಯುತ್ತಿರುವವರ ಮುಖವಲ್ಲ ಅದು. ತಿನ್ನಬೇಕೆನಿಸಿತು, ಬಂದು ಕುಳಿತು ತಿನ್ನುತ್ತಿದ್ದಾಳೆ.

ನಾನು ಹುಟ್ಟಿದಂದಿನಿಂದ ಈ ಊರಿನಲ್ಲಿದ್ದೇನೆ. ಒಬ್ಬಳೇ ಒಂದು ಹೋಟೆಲಿಗೆ ಹೋಗಿ ಕುಳಿತವಳಲ್ಲ. ಟೀಚರ್ ಆಗಿಯೂ, ನನ್ನದೇ ದುಡಿಮೆ ಇದ್ದೂ. 'ಗಂಡ ಇಲ್ಲಿಲ್ಲ, ನೋಡಿ ಹೇಗಿದ್ದಾಳೆ' ಎಂದು ಯಾರಾದರೂ ಎಂದುಬಿಟ್ಟರೆ? ಬಸ್ಸು ಹೊರಟಿತು. ನನಗೆ ಎದೆಯಲ್ಲಿ ಸುಟ್ಟ ಹಾಗಾಯಿತು. ಅವಳು ಬೇರೆಯಾಗಿ ಒಂದು ವರ್ಷವೂ ಆಗಿಲ್ಲ ಎಂದುಕೊಂಡೆ. ನಾನು ಇಪ್ಪತ್ತಮೂರು ವರ್ಷ... ಅವಳಿಗೆ ಒಂದು ವರ್ಷವೂ ಬೇಕಾಗಲಿಲ್ಲ. ಅವಳು ಮಾಡಿದ್ದು ಸರಿಯಾದರೆ ನಾನು ಮಾಡಿದ್ದು ಏನು? ಆ ಪ್ರಶ್ನೆಯನ್ನು ನಾನು ಅವಳ ಮೇಲಿನ ಸಿಟ್ಟಾಗಿ ಮಾಡಿಕೊಂಡೆ.

ಇನ್ನು ಆ ಭಾನುವಾರಕ್ಕೆ ಬರುತ್ತೇನೆ.

ನಮಿತಾ ತನ್ನದೇ ಒಂದು ಸಣ್ಣ ಕಲೆಕ್ಷನ್ ಸೆಂಟರ್ ಮಾಡಬೇಕೆಂದಿದ್ದಳು. ಜನ ಬಂದು ರಕ್ತ ಕೊಟ್ಟು ಹೋಗುವ ಒಂದು ಕೋಣೆ, ಪರೀಕ್ಷೆ ದೊಡ್ಡ ಲ್ಯಾಬಿನಲ್ಲಿ. ಫಳ್ನೀರಿನಲ್ಲಿ ಕ್ಲಿನಿಕ್ಕುಗಳ ನಡುವೆ ನೆಲ ಅಂತಸ್ತಿನ ಒಂದು ರೂಮು ಸಿಗುವುದರಲ್ಲಿತ್ತು. ಆ ಕಟ್ಟಡ ವಿಲ್ಫ್ರೆಡ್‌ನದ್ದು. ಏಳನೇ ಕ್ಲಾಸಿನಲ್ಲಿ ನನ್ನ ವಿದ್ಯಾರ್ಥಿ ಅವನು. ಒಂಟಿ ಹೆಂಗಸು, ವಿಚ್ಛೇದನ ಆದವಳು ಎಂದು ಅವನು ಸ್ವಲ್ಪ ಹಿಂದೆಮುಂದೆ ನೋಡಿದಾಗ ನಮಿತಾ ಹೆಮ್ಮೆಯಿಂದ ಹೇಳಿದಳಂತೆ: "ನನ್ನ ಬಗ್ಗೆ ಕೇಳಬೇಕಾದರೆ ನನ್ನ ಮಾಮಿಯ ಹತ್ತಿರವೇ ಕೇಳಿ. ಲೀಲಾ ಟೀಚರ್."

ಅವನು ಚರ್ಚಿನಿಂದ ಸೀದಾ ನನ್ನ ಮನೆಗೆ ಬಂದ. ಇಸ್ತ್ರಿ ಹಾಕಿದ ಬಿಳಿ ಶರ್ಟು. ಸೋಫಾದ ತುದಿಯಲ್ಲಿ ಕುಳಿತ, ಹಳೆಯ ಹುಡುಗನ ಹಾಗೆ. ನಾನು ಚಹಾ ಕೊಟ್ಟೆ.

"ಟೀಚರ್, ನಿಮ್ಮ ಸೊಸೆ ರೂಮ್ ಕೇಳಿದ್ದಾರೆ. ಕೊಡುವುದಾ ಬೇಡವಾ, ನೀವು ಹೇಳಿ. ನೀವು ಕೊಡು ಅಂದರೆ ಮುಗೀತು, ನಾಳೆಯೇ ಕೀ ಕೊಡ್ತೇನೆ."

ಕೊಡು ಎನ್ನಲು ಎಷ್ಟು ಹೊತ್ತು ಬೇಕು? ನಾನು ಕಿಟಕಿಯ ಕಡೆ ನೋಡಿದೆ. ಗಾಜಿನ ಹಿಂದಿನ ಆ ಮುಖ ಕಣ್ಣ ಮುಂದೆ ಬಂತು. ಫಳ್ನೀರಿನಲ್ಲಿ ಅವಳ ಹೆಸರಿನ ಬೋರ್ಡು, ಅದರ ಕೆಳಗೆ ಅವಳು — ನಾನು ಒಂದು ನಿಟ್ಟುಸಿರು ಬಿಟ್ಟೆ. ಆ ನಿಟ್ಟುಸಿರೂ ನಾಟಕ. ಆಮೇಲೆ ಹೇಳಿದೆ:

"ನಾನು ಎಂತ ಹೇಳುವುದು ವಿಲ್ಫ್ರೆಡ್... ನನ್ನ ಮಗ ಸುಮ್ಮನೆ ಬಿಟ್ಟನಾ?"

ಅಷ್ಟೇ. ಅವನ ಕೈಯಲ್ಲಿದ್ದ ಕಪ್ಪು ಬಸಿಯ ಮೇಲೆ ಇಳಿಯಿತು. "ಓ... ಗೊತ್ತಾಯ್ತು ಟೀಚರ್. ನೀವು ಹೆಚ್ಚು ಹೇಳುವುದು ಬೇಡ. ನಿಮಗೂ ಬೇಜಾರು" ಎಂದ. ನನ್ನ ಮೇಲೆ ಅವನಿಗೆ ಗೌರವ ಹೆಚ್ಚಾದದ್ದು ಅವನ ಕಣ್ಣಲ್ಲಿ ಕಂಡಿತು. ಎದ್ದು ಹೊರಟ. ಬಾಗಿಲಲ್ಲಿ ಬಗ್ಗಿ ಚಪ್ಪಲಿ ಹಾಕಿಕೊಂಡ. ಲಿಫ್ಟಿಗೆ ಕಾಯುತ್ತಾ ನಿಂತ. ತಿದ್ದಿಕೊಳ್ಳಲು ಅಷ್ಟು ಸಮಯವಿತ್ತು. 'ಹಾಗಲ್ಲ ವಿಲ್ಫ್ರೆಡ್, ತಪ್ಪು ನನ್ನ ಮಗನದ್ದು' — ಐದೇ ಶಬ್ದ. ಅದರ ಬದಲು ನಾನು ಬಾಗಿಲಿಗೆ ಬಂದು ಅವನನ್ನು ಕರೆದು ಹೇಳಿದ್ದು ಇದು:

"ನಾನು ಹೇಳಿದೆ ಅಂತ ಹೇಳಬೇಡ, ಆಯ್ತಾ."

ಈ ಎರಡನೆಯ ವಾಕ್ಯವೇ ನನ್ನನ್ನು ಹಿಡಿದುಕೊಡುತ್ತದೆ. ಮೊದಲನೆಯದು ಯಾವುದೋ ಗಳಿಗೆಯಲ್ಲಿ ಬಂತು ಎಂದು ಎಂದಾದರೂ ನನ್ನನ್ನು ನಾನೇ ನಂಬಿಸಬಹುದಿತ್ತು. ಎರಡನೆಯದಕ್ಕೆ ನಾನು ಎದ್ದು, ಏಳೆಂಟು ಹೆಜ್ಜೆ ನಡೆದು ಹೋಗಿದ್ದೇನೆ.

ವಿಲ್ಫ್ರೆಡ್ ಕೆಟ್ಟವನಲ್ಲ. ರೂಮು ಕುದುರಿಸಿದ್ದ ಬ್ರೋಕರಿಗೆ ಮಾತ್ರ ಹೇಳಿದ, ಇಂಥ ವಿಷಯ, ಕೊಡುವುದು ಬೇಡ ಎಂದು. ಬ್ರೋಕರು ಮೂಲ್ಕಿಯವನು, ನಮಿತಾಳ ಅಣ್ಣ ಜಯರಾಮನಿಗೆ ಪರಿಚಯದವನು. 'ಸುಮ್ಮನೆ ಬಿಟ್ಟನಾ' ಎಂಬುದು ಮೂಲ್ಕಿಗೆ ಮುಟ್ಟುವಾಗ 'ಅವಳನ್ನು ಯಾರ ಜೊತೆಯೋ ನೋಡಿ ಬಿಟ್ಟ' ಎಂದಾಗಿತ್ತು. ಲ್ಯಾಬಿಗೂ ಮುಟ್ಟಿತು. ಎರಡು ಮೂರು ಮನೆಯವರು ಬೇರೆ ಯಾರನ್ನಾದರೂ ಕಳುಹಿಸಿ ಎಂದರಂತೆ. ಲ್ಯಾಬಿನವರು ಕೆಲವು ದಿನ ಅವಳನ್ನು ಒಳಗೆ ಕೂರಿಸಿ, ಆಮೇಲೆ ಬೇಡವೆಂದರು.

ಅವಳು ನನ್ನ ಮನೆಗೇ ಬಂದಳು. ಬೇರೆ ಎಲ್ಲಿಗೆ ಹೋಗುವುದು? ಹೆಲ್ಮೆಟನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕುಳಿತು ಅತ್ತಳು. "ಯಾರೋ ಎಂತದೋ ಹೇಳಿದ್ದಾರೆ ಮಾಮಿ. ಯಾರು ಹೇಳಿರಬಹುದು? ನಾನು ಯಾರಿಗೆ ಎಂತ ಮಾಡಿದ್ದೇನೆ?" ನಾನು ಅವಳ ತಲೆ ಸವರಿದೆ. ಗಿಡ್ಡ ಕೂದಲು ನನ್ನ ಬೆರಳಿಗೆ ಚುಚ್ಚಿತು. "ಬಿಡು ಮಗಾ. ಕೆಲವು ದಿನ ಇಲ್ಲಿಯೇ ಇರು" ಎಂದೆ.

ನಂತೂರಿನ ಕೋಣೆ ಬಿಟ್ಟು ಬಂದು ಅವಳು ನಾಲ್ಕು ತಿಂಗಳು ನನ್ನ ಜೊತೆ ಇದ್ದಳು. ಇನ್ನು ಬರೆಯುವುದು ನನಗೆ ಎಲ್ಲಕ್ಕಿಂತ ನಾಚಿಕೆಯ ವಿಷಯ — ಆ ನಾಲ್ಕು ತಿಂಗಳು ನಾನು ಸುಖವಾಗಿದ್ದೆ. ಬೆಳಿಗ್ಗೆ ನೀರುದೋಸೆ ಎರೆಯುತ್ತಿದ್ದೆ. ಬಂಗುಡೆ ಮೀನು ತಂದು ಹುಳಿಖಾರದ ಪುಳಿಮುಂಚಿ ಮಾಡುತ್ತಿದ್ದೆ. ಅವಳು ಅರ್ಧ ತಿಂದು ಏಳುತ್ತಿದ್ದಳು. ಸ್ಕೂಟರ್ ಕೆಳಗೆ ಧೂಳು ಹಿಡಿಯುತ್ತಾ ನಿಂತಿತ್ತು. ಹಾಲು ತರಲು ಹೋಗುವಾಗಲೂ ಅವಳು ಅಡಿಗೆಮನೆಯ ಬಾಗಿಲಿಗೆ ಬಂದು, "ಮಾಮಿ, ಸ್ವಲ್ಪ ಹೊರಗೆ ಹೋಗಿ ಬರಲಾ?" ಎಂದು ಕೇಳಲು ಶುರುಮಾಡಿದಳು. ಕೇಳಬೇಕಾದ ಅಗತ್ಯವೇ ಇರಲಿಲ್ಲ. ಆ ಪ್ರಶ್ನೆ ಕಿವಿಗೆ ಬಿದ್ದಾಗ ನನ್ನೊಳಗಿನ ಹುಳಿ ಇಳಿಯುತ್ತಿತ್ತು. "ಹೋಗಿ ಬಾ, ಬೇಗ ಬಾ" ಎನ್ನುತ್ತಿದ್ದೆ. ಈಗ ಸರಿಹೋಯಿತು ಎನಿಸುತ್ತಿತ್ತು. ನಾವಿಬ್ಬರೂ ಒಂದೇ ಆದೆವು ಎನಿಸುತ್ತಿತ್ತು.

ಆಗಲೇ ಅವಳ ತಾಯಿಗೆ ಕಾಯಿಲೆ ಜೋರಾಯಿತು. ಅಣ್ಣ ಫೋನ್ ಮಾಡಿ, ಬರುವುದಾದರೆ ಬಂದು ಒಂದು ಸಲ ನೋಡಿ ಹೋಗು, ಉಳಿಯುವುದು ಬೇಡ ಎಂದನಂತೆ. ಹೋಗಿ ಅದೇ ಸಂಜೆ ಬಂದಳು. ಚಪ್ಪಲಿಯನ್ನೂ ಬಿಚ್ಚದೆ ಕುರ್ಚಿಯಲ್ಲಿ ಕುಳಿತಳು. ನಾನು ನೀರು ಕೊಟ್ಟೆ. ಕುಡಿಯಲಿಲ್ಲ.

"ಅಮ್ಮ ನನ್ನ ಕೈ ಹಿಡಿದು ಕೇಳಿದರು ಮಾಮಿ. 'ಮಗಾ, ನಿಜ ಹೇಳು, ನಿನ್ನದು ತಪ್ಪಿತ್ತಾ?' ಅಂತ. ಇಲ್ಲ ಅಮ್ಮ ಅಂದೆ. ನನ್ನ ಮುಖವನ್ನೇ ನೋಡಿದರು. ನಂಬಿದರಾ ಇಲ್ಲವಾ ಗೊತ್ತಾಗಲಿಲ್ಲ."

ಆಗ ನಾನು ಹೇಳಬೇಕಿತ್ತು. ಮೂಲ್ಕಿಗೆ ಒಂದು ಗಂಟೆಯ ದಾರಿ. ಬಸ್ಸು ಹತ್ತಿ ಹೋಗಿ, ಆ ತಾಯಿಯ ಹಾಸಿಗೆಯ ಬಳಿ ನಿಂತು, 'ತಪ್ಪು ನನ್ನ ಮಗನದ್ದು, ಸುಳ್ಳು ನನ್ನದು' ಎಂದಿದ್ದರೆ — ಅವರು ಇನ್ನೂ ಹದಿನೇಳು ದಿನ ಬದುಕಿದ್ದರು. ಹದಿನೇಳು ದಿನವೂ ನಾನು ಬೆಳಿಗ್ಗೆ ಎದ್ದು ಇವತ್ತು ಎಂದುಕೊಳ್ಳುತ್ತಿದ್ದೆ. ಸಂಜೆಯಾಗುತ್ತಿತ್ತು. ಹದಿನೆಂಟನೆಯ ದಿನ ಜಯರಾಮ ಫೋನ್ ಮಾಡಿದ.

ತಾಯಿಯ ಉತ್ತರಕ್ರಿಯೆಯೆಲ್ಲ ಮುಗಿದು ಒಂದು ವಾರಕ್ಕೆ ನಮಿತಾ ಬ್ಯಾಗು ಕಟ್ಟಿದಳು. ನಾನು ಇರು ಎಂದೆ, ಅತ್ತುಬಿಟ್ಟೆ ಕೂಡ. "ಇಲ್ಲಿ ಇದ್ದರೆ ನಾನು ಹೀಗೇ ಆಗ್ತೇನೆ ಮಾಮಿ. ನೀವು ಒಳ್ಳೆಯದು ಮಾಡುವುದೇ ನನಗೆ ಅಭ್ಯಾಸ ಆಗ್ತಾ ಉಂಟು" ಎಂದಳು. ಅವಳಿಗೆ ಏನೂ ಗೊತ್ತಿರಲಿಲ್ಲ. ಆದರೂ ಎಷ್ಟು ಸರಿಯಾಗಿ ಹೇಳಿದಳು! ಸ್ಕೂಟರಿನ ಧೂಳು ಒರೆಸಿ, ಐದಾರು ಸಲ ಒದ್ದು, ಸ್ಟಾರ್ಟ್ ಆದ ಮೇಲೆ ತಿರುಗಿ ನೋಡದೆ ಹೋದಳು. ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದಳು. ಮತ್ತೆ ನಂತೂರಿನಲ್ಲೇ ಕೋಣೆ ಹುಡುಕಿಕೊಂಡಳು. ಎರಡು ವರ್ಷದ ನಂತರ ಕದ್ರಿ ಕಡೆ ತನ್ನ ಸೆಂಟರ್ ತೆರೆದಳು. ಈಗ ಅವಳಿಗೆ ನಲವತ್ತೊಂದು. ಅವಳ ಕೈಕೆಳಗೆ ಮೂವರು ಹೆಂಗಸರು ಕೆಲಸ ಮಾಡುತ್ತಾರೆ. ಅದರಲ್ಲಿ ಇಬ್ಬರು ಇವಳ ಹಾಗೆಯೇ ಗಂಡನ ಮನೆಯಿಂದ ಹೊರಗೆ ಬಂದವರು. ಪ್ರತಿ ತಿಂಗಳು ನನ್ನ ಶುಗರ್ ನೋಡುವುದು ಅವಳೇ.

ಹೊಟ್ಟೆಕಿಚ್ಚು ಹೋಗಿತ್ತೇ? ಇಲ್ಲ. ಇದನ್ನೂ ಹೇಳಬೇಕು. ಅವಳು ಹೊಸ ಕುರ್ತಾ ಹಾಕಿ ಬಂದರೆ ಈಗಲೂ ನನ್ನ ಕಣ್ಣು ಮೊದಲು ಅದರಲ್ಲಿ ಕುಂದು ಹುಡುಕುತ್ತದೆ. ಗೋಕರ್ಣಕ್ಕೆ ಗೆಳತಿಯರ ಜೊತೆ ಹೋಗಿ ಬಂದ ಫೋಟೋ ತೋರಿಸಿದಾಗ, "ಬಿಸಿಲಿಗೆ ಕಪ್ಪಾಗಿದ್ದಿ" ಎಂದಿದ್ದೆ. ತಪ್ಪು ಗೊತ್ತಾದ ಮೇಲೆ ಮನಸ್ಸು ಶುದ್ಧವಾಗುತ್ತದೆ ಎಂದು ನಾನು ಮಕ್ಕಳಿಗೆ ಪಾಠ ಮಾಡಿದ್ದೆ. ನನ್ನಲ್ಲಿ ಹಾಗಾಗಲಿಲ್ಲ.

ಕಳೆದ ತಿಂಗಳು ಒಂದು ಮಹಿಳಾ ಮಂಡಲದವರು ನಮಿತಾಳಿಗೆ ಸನ್ಮಾನ ಇಟ್ಟುಕೊಂಡಿದ್ದರು. ನನ್ನನ್ನು ಅವಳೇ ಕಾರಿನಲ್ಲಿ ಕರೆದುಕೊಂಡು ಹೋಗಿ ಮೊದಲ ಸಾಲಿನಲ್ಲಿ ಕೂರಿಸಿದಳು. ಶಾಲು ಹೊದಿಸಿದ ಮೇಲೆ ಮೈಕಿನ ಮುಂದೆ ನಿಂತು, ಸ್ವಲ್ಪ ತಡವರಿಸುತ್ತಾ ಹೇಳಿದಳು: "ನನ್ನ ಮದುವೆ ಮುರಿದ ಮೇಲೆ ನನ್ನ ಬಗ್ಗೆ ಎಲ್ಲರೂ ಏನಾದರೂ ಹೇಳಿದ್ದಾರೆ. ನನ್ನವರೇ ಹೇಳಿದ್ದಾರೆ. ಒಂದು ಮಾತೂ ಆಡದೆ ನನ್ನನ್ನು ಮನೆಯಲ್ಲಿ ಇಟ್ಟುಕೊಂಡವರು ಒಬ್ಬರೇ. ನನ್ನ ಮಾಮಿ."

ಎಲ್ಲರೂ ನನ್ನ ಕಡೆ ತಿರುಗಿದರು. ಚಪ್ಪಾಳೆ. ನಾನು ಎದ್ದು ನಿಂತು ಕೈ ಮುಗಿದೆ. ಹೌದು, ಮುಗಿದೆ.

ಮೂರು ವಾರ ನನಗೆ ಊಟ ಸೇರಲಿಲ್ಲ. ಕಳೆದ ಮಂಗಳವಾರ ಮಧ್ಯಾಹ್ನ, ಅವಳಲ್ಲಿ ಜನ ಕಡಿಮೆ ಇರುವ ಹೊತ್ತು ನೋಡಿ, ಅವಳ ಸೆಂಟರಿಗೆ ಹೋದೆ. "ಎಂತ ಮಾಮಿ, ಫೋನ್ ಮಾಡಿದ್ದರೆ ನಾನೇ ಬರ್ತಿದ್ದೆ ಅಲ್ವಾ" ಎಂದು ಕುರ್ಚಿ ಎಳೆದಳು. ನಾನು ಕುಳಿತುಕೊಳ್ಳಲಿಲ್ಲ. ನಿಂತೇ ಹೇಳಿದೆ. ವಿಲ್ಫ್ರೆಡ್ ಬಂದದ್ದು, ಅವನು ಕೇಳಿದ್ದು, ನಾನು ಹೇಳಿದ ಮೊದಲನೆಯ ವಾಕ್ಯ, ಎರಡನೆಯ ವಾಕ್ಯ. ಅವಳ ತಾಯಿಯ ಆ ಹದಿನೇಳು ದಿನ. ಅವಳು ಕೈಗವಸು ಬಿಚ್ಚುತ್ತಿದ್ದವಳು ಅರ್ಧ ಬಿಚ್ಚಿ ಹಾಗೆಯೇ ನಿಂತಳು.

ಆಮೇಲೆ ಕೇಳಿದಳು, "ಯಾಕೆ ಮಾಮಿ?"

"ಹೊಟ್ಟೆಕಿಚ್ಚು" ಎಂದೆ.

"ನನ್ನ ಮೇಲಾ?" ಅವಳಿಗೆ ನಿಜಕ್ಕೂ ಅರ್ಥವಾಗಲಿಲ್ಲ. "ಆಗ ನನ್ನ ಹತ್ತಿರ ಎಂತ ಇತ್ತು ಮಾಮಿ?"

ಏನು ಹೇಳಿದ್ದರೂ ಅದು ನನ್ನ ಕತೆಯಾಗುತ್ತಿತ್ತು, ನನ್ನ ಇಪ್ಪತ್ತಮೂರು ವರ್ಷಗಳ ಕತೆ. ಅದನ್ನು ಅವಳು ಬಾಲ್ಕನಿಯಲ್ಲಿ ಹತ್ತು ವರ್ಷ ಕೇಳಿದ್ದಾಳೆ. ಇನ್ನೊಮ್ಮೆ ಅವಳ ಮೇಲೆ ಹೊರಿಸುವುದು ಬೇಡವೆನಿಸಿತು.

ಅವಳು ಅಳಲಿಲ್ಲ, ಕೂಗಲೂ ಇಲ್ಲ. ಕೈಗವಸನ್ನು ಪೂರ್ತಿ ಬಿಚ್ಚಿ ಡಬ್ಬಿಗೆ ಹಾಕಿದಳು. ಕೈ ತೊಳೆದಳು. ನನ್ನ ಕಡೆ ಬೆನ್ನು ಹಾಕಿಕೊಂಡೇ ಹೇಳಿದಳು: "ಆ ಮಾತು ನೀವು ನನಗೆ ಹೇಳಿದ್ದಲ್ಲ ಮಾಮಿ, ಊರಿಗೆ ಹೇಳಿದ್ದು. ಈಗ ನನಗೆ ಮಾತ್ರ ಹೇಳಿದರೆ ಸಾಕಾ?"

ಆಮೇಲೆ, "ಸ್ವಲ್ಪ ದಿನ ಬರಬೇಡಿ. ಶುಗರ್ ನೋಡಲಿಕ್ಕೆ ಹುಡುಗಿಯನ್ನು ಕಳುಹಿಸ್ತೇನೆ" ಎಂದಳು.

ನಾನು ಮಾರನೆಯ ದಿನವೇ ಫಳ್ನೀರಿಗೆ ಹೋಗಿ ವಿಲ್ಫ್ರೆಡ್‌ಗೆ ಹೇಳಿದೆ. ಅವನು ಕುರ್ಚಿಯಿಂದ ಎದ್ದು ನಿಂತ. "ಇಷ್ಟು ವರ್ಷ ಆದ ಮೇಲೆ ಈಗ ಯಾಕೆ ಟೀಚರ್? ಬಿಟ್ಟುಬಿಡಿ" ಎಂದ. ಬಿಡುವ ಅಧಿಕಾರ ನಿನಗೂ ಇಲ್ಲ, ನನಗೂ ಇಲ್ಲ ಎಂದೆ. ಗುರುವಾರ ಮೂಲ್ಕಿಗೆ ಹೋದೆ. ಜಯರಾಮ ಅಂಗಳದಲ್ಲಿಯೇ ನಿಂತು ಕೇಳಿದ. ಒಳಗೆ ಕರೆಯಲಿಲ್ಲ, ಕರೆಯಬೇಕಾಗಿಯೂ ಇರಲಿಲ್ಲ. ಎಲ್ಲ ಕೇಳಿ, "ಇದನ್ನು ಅಮ್ಮನಿಗೆ ಹೇಳಬೇಕಿತ್ತು ನೀವು" ಎಂದ. ಆಮೇಲೆ, "ನಾನೂ ಅವಳನ್ನು ಕೇಳದೆ ನಂಬಿದೆ" ಎಂದು ತನಗೇ ಹೇಳಿಕೊಂಡು ಒಳಗೆ ಹೋದ. ಅವನು ತಂಗಿಗೆ ಫೋನ್ ಮಾಡಿದನೋ ಇಲ್ಲವೋ ತಿಳಿಯದು.

ದೋಹಾದಿಂದ ಸಂದೇಶ, "ಹಳೆಯದನ್ನು ಯಾಕೆ ಕೆದಕುದು ಅಮ್ಮ? ನಿಮ್ಮ ಮರ್ಯಾದೆ ಹೋಗ್ತದೆ" ಎಂದ. ಹೋಗಲಿ. ಆ ಮರ್ಯಾದೆ ಇದ್ದದ್ದರಿಂದಲೇ ಅಲ್ಲವೇ ನನ್ನ ಅರ್ಧ ವಾಕ್ಯವನ್ನು ಎಲ್ಲರೂ ನಂಬಿದ್ದು.

ನಮಿತಾಳ ಪ್ರಶ್ನೆಗೆ ಉತ್ತರ ಈಗ ನನ್ನಲ್ಲಿದೆ. ಆಗ ಅವಳ ಹತ್ತಿರ ಲಾರಿ ಶಬ್ದದ ಒಂದು ಕೋಣೆ, ಒಂದು ಹಳೆಯ ಸ್ಕೂಟರ್ ಬಿಟ್ಟರೆ ಬೇರೆ ಏನೂ ಇರಲಿಲ್ಲ. ಅಷ್ಟರಲ್ಲೇ ಅವಳು ಹಾಯಾಗಿದ್ದಳು. ಅದನ್ನು ನಾನು ಸಹಿಸಲಿಲ್ಲ. ಇದನ್ನು ಅವಳಿಗೆ ಹೇಳಬೇಕೋ ಬೇಡವೋ, ಅವಳು ಕೇಳಿದರೆ ಹೇಳುತ್ತೇನೆ. ಕೇಳದಿದ್ದರೆ ನನ್ನಲ್ಲೇ ಇರಲಿ.

ಮಹಿಳಾ ಮಂಡಲದ ಕಾರ್ಯದರ್ಶಿಯವರಿಗೆ ಫೋನ್ ಮಾಡಿ, ಬರುವ ಶನಿವಾರದ ಸಭೆಯಲ್ಲಿ ನನಗೆ ಐದು ನಿಮಿಷ ಕೊಡಿ ಎಂದಿದ್ದೇನೆ. "ಖಂಡಿತ ಟೀಚರ್, ನಿಮ್ಮ ಅನುಭವ ಹೇಳಿ, ನಮ್ಮವರಿಗೆಲ್ಲ ಖುಷಿಯಾಗ್ತದೆ" ಎಂದರು. ನಾನು ಏನು ಹೇಳಲಿದ್ದೇನೆ ಎಂದು ಅವರಿಗೆ ಗೊತ್ತಿಲ್ಲ. ನಮಿತಾ ಬರುತ್ತಾಳೋ ಇಲ್ಲವೋ ಅದೂ ಗೊತ್ತಿಲ್ಲ. ಬಾ ಎಂದು ನಾನು ಕರೆದಿಲ್ಲ, ಕ್ಷಮಿಸು ಎಂದೂ ಕೇಳಿಲ್ಲ. ಮಂಗಳವಾರ ಅವಳ ಮುಂದೆ ಆ ಶಬ್ದ ನಾಲಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಕೇಳಿದರೆ ಅವಳು ಕೊಟ್ಟುಬಿಡುವವಳು. ಅವಳಿಂದ ನಾನು ತೆಗೆದುಕೊಂಡದ್ದು ಈಗಾಗಲೇ ಸಾಕಷ್ಟಾಗಿದೆ.